ಮೊದಲು ಕಿಕ್ ಮ್ಯೂಟ್ ಮಾಡಿ: ಹಳೆಯ ಡಾನ್ಸ್ ಟ್ರ್ಯಾಕುಗಳಿಂದ ಆಂಬಿಯೆಂಟ್ ಮಾಡುವ ಬಗೆ

ವರ್ಷಗಟ್ಟಲೆ ಟೆಕ್ನೋ, ಟ್ರಾನ್ಸ್, ಹೌಸ್ ಮಾಡಿಕೊಂಡು ಬಂದವರಿಗೆ ಒಂದು ಹಂತದಲ್ಲಿ ಕೈ ಓಡುವುದು ನಿಲ್ಲುತ್ತದೆ. ಕಿಕ್ (ತಾಳ ಕೊಡುವ ದಪ್ಪ ಡ್ರಮ್ ಸದ್ದು) ಹಾಕುತ್ತೀರಿ, ಹ್ಯಾಟ್ (ತೆಳು ತಾಳದ ಸದ್ದು) ಹಾಕುತ್ತೀರಿ, ಮುಂದೇನು ಬರುತ್ತದೆ ಅಂತ ಮೊದಲೇ ಗೊತ್ತಿರುತ್ತದೆ. ಅಂಥವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನೂ ಬೆಂಗಳೂರಿನಲ್ಲಿ ತೊಂಬತ್ತರ ದಶಕದ ಕೊನೆಯಿಂದ ಡಾನ್ಸ್ ಟ್ರ್ಯಾಕ್ ಮಾಡಿಕೊಂಡು ಬಂದವನು. ಎಸ್.ಪಿ. ರೋಡಿನಲ್ಲಿ ಬಿಡಿ ಭಾಗ ಕೊಂಡು ಜೋಡಿಸಿದ ಕಂಪ್ಯೂಟರ್, ಒಂದು ಸೆಕೆಂಡ್ ಹ್ಯಾಂಡ್ ಸಿಂತ್ (ಸಿಂಥಸೈಜರ್), ಒಂದು ಕ್ಯಾಸೆಟ್ ಡೆಕ್, ಶುರುವಾದದ್ದು ಇಷ್ಟರಲ್ಲೇ. ಈಗ ನಾನು ಮಾಡುವುದೆಲ್ಲ ಆಂಬಿಯೆಂಟ್, ಅಂದರೆ ತಾಳದ ಒತ್ತಡವಿಲ್ಲದೆ ನಿಧಾನವಾಗಿ ಹರಡುವ ಸಂಗೀತ. ಅದಕ್ಕೆ ಬೇಕಾದ ಸರಕು ನನ್ನ ಹಳೆಯ ಟ್ರ್ಯಾಕುಗಳ ಒಳಗೇ ಇತ್ತು. ನಿಮ್ಮವುಗಳಲ್ಲೂ ಇದೆ. ಹೊಸ ಸಿಂತ್ ಕೊಳ್ಳುವ ಮೊದಲು ಹಳೆಯ ಹಾರ್ಡ್ ಡಿಸ್ಕ್ ಹೊರಗೆ ತೆಗೆಯಿರಿ.

ಕುಣಿಸುವ ಸಂಗೀತಕ್ಕೂ ಆಂಬಿಯೆಂಟಿಗೂ ಮೊದಲಿಂದ ನಂಟಿದೆ. 1989ರಲ್ಲಿ ಲಂಡನ್ನಿನ ಹೆವನ್ ಕ್ಲಬ್ಬಿನಲ್ಲಿ ಕೆಳಗೆ ಹೌಸ್ ನಡೆಯುತ್ತಿದ್ದಾಗ, ದಣಿದವರಿಗಾಗಿ ಬೇರೆ ಕೋಣೆಯಲ್ಲಿ ಅಲೆಕ್ಸ್ ಪ್ಯಾಟರ್ಸನ್ ಮತ್ತು ಜಿಮ್ಮಿ ಕಾಟಿ ಡ್ರಮ್ ಇಲ್ಲದ ರೆಕಾರ್ಡುಗಳನ್ನು ಒಂದರ ಮೇಲೊಂದು ಬೆರೆಸಿ ನುಡಿಸುತ್ತಿದ್ದರು. ಆದರೆ ನನಗೆ ದಾರಿ ತೋರಿಸಿದ್ದು ಜರ್ಮನಿಯ ಕೊಲೋನ್ ನಗರದ ವೋಲ್ಫ್‌ಗ್ಯಾಂಗ್ ಫೋಯ್ಟ್. ಆತ ಪಕ್ಕಾ ಟೆಕ್ನೋ ಮನುಷ್ಯ. ಗ್ಯಾಸ್ ಅನ್ನುವ ಹೆಸರಿನಲ್ಲಿ 1996ರಿಂದ 2000ದವರೆಗೆ ನಾಲ್ಕು ಆಲ್ಬಮ್ ಮಾಡಿದರು. ಹರೆಯದಲ್ಲಿ ಅಲೆದಾಡಿದ ಕ್ಯೋನಿಗ್ಸ್‌ಫೋರ್ಸ್ಟ್ ಕಾಡಿನ ನೆನಪು ಅವುಗಳ ತುಂಬ ಇದೆ. ಅದನ್ನು ಕಟ್ಟಿದ್ದು ಹೇಗೆ? ಹಳೆಯ ಆರ್ಕೆಸ್ಟ್ರಾ ರೆಕಾರ್ಡುಗಳ ಚೂರುಗಳನ್ನು ನಿಧಾನ ಮಾಡಿ, ಪದರ ಪದರವಾಗಿ ಹರಡಿ, ಅದರ ಅಡಿಯಲ್ಲಿ ದೂರದ ಕಿಕ್ ಇಟ್ಟು. ಅಲ್ಲಿ ಹಕ್ಕಿಯ ಸದ್ದು ಹುಡುಕಿದರೆ ಸಿಗುವುದಿಲ್ಲ. ಆದರೂ ಕಾಡು ಕಣ್ಣಿಗೆ ಕಟ್ಟುತ್ತದೆ. 2017ರಲ್ಲಿ ಮತ್ತೆ ಅದೇ ಹೆಸರಿನಲ್ಲಿ, ಅದೇ ಕಾಡಿಗೆ ಬಂದರು. ನೆನಪನ್ನು ಸಂಗೀತದಲ್ಲಿ ತರುವುದು ಅಂದರೆ ನೆನಪಿನ ವಸ್ತುಗಳನ್ನು ಜೋಡಿಸುವುದಲ್ಲ, ಒಂದು ಸಣ್ಣ ಚೂರಿಗೆ ಬೇಕಾದಷ್ಟು ಸಮಯ ಕೊಡುವುದು. ಕೆಳಗಿನ ಕೆಲಸಗಳೆಲ್ಲ ಅದಕ್ಕಾಗಿಯೇ.

ಸರಕು ಹುಡುಕುವುದು

ಹಳೆಯ ಪ್ರಾಜೆಕ್ಟ್ ಒಂದನ್ನು ತೆರೆಯಿರಿ. ಕಿಕ್ ಮ್ಯೂಟ್ ಮಾಡಿ. ಆಮೇಲೆ ಸ್ನೇರ್, ಹ್ಯಾಟ್, ಬೇಸ್‌ಲೈನ್. ಉಳಿದದ್ದನ್ನು ಮೊದಲಿಂದ ಕೊನೆಯವರೆಗೆ ಒಂದು ಸಲ ಕೇಳಿ. ಮೌಸ್ ಮುಟ್ಟಬೇಡಿ. ಪಕ್ಕದಲ್ಲಿ ಕಾಗದ, ಪೆನ್ನು ಇಟ್ಟುಕೊಂಡು, ಕಿವಿ ನೆಟ್ಟಗಾದ ಕಡೆ ನಿಮಿಷ, ಸೆಕೆಂಡು ಬರೆದುಕೊಳ್ಳಿ.

ಎಲ್ಲಿ ಸಿಗುತ್ತದೆ? ಸಾಮಾನ್ಯವಾಗಿ ಬ್ರೇಕ್‌ಡೌನಿನಲ್ಲಿ (ತಾಳ ನಿಂತು ಹಗುರಾಗುವ ಭಾಗದಲ್ಲಿ) ಅಂದುಕೊಳ್ಳುತ್ತೇವೆ. ಅಲ್ಲಿ ಸಿಗುವುದು ಕಡಿಮೆ. ಬ್ರೇಕ್‌ಡೌನ್ ಯಾವಾಗಲೂ ಡ್ರಾಪಿನ (ತಾಳ ಮತ್ತೆ ಜೋರಾಗಿ ಬೀಳುವ ಕ್ಷಣದ) ಕಡೆಗೆ ಓಡುತ್ತಿರುತ್ತದೆ, ಫಿಲ್ಟರ್ ತೆರೆದುಕೊಳ್ಳುತ್ತಿರುತ್ತದೆ, ಒಂದು ಕಡೆ ನಿಲ್ಲುವುದಿಲ್ಲ. ನನಗೆ ಜಾಸ್ತಿ ಸಿಕ್ಕಿರುವುದು ಯಾರೂ ಗಮನಿಸದ ಮೂಲೆಗಳಲ್ಲಿ. ಒಂದು ನುಡಿ ಮುಗಿದ ಮೇಲೆ ಉಳಿಯುವ ಡಿಲೇಯ (ಪ್ರತಿಧ್ವನಿಯ) ಬಾಲ. ಟ್ರ್ಯಾಕ್ ಶುರುವಾಗುವ ಮೊದಲಿನ ಎರಡು ಸೆಕೆಂಡಿನ ಸುಯ್ ಸದ್ದು. ಮೂರು ಲೇಯರಿನ ಅಡಿಯಲ್ಲಿ ಹೂತುಹೋಗಿದ್ದ ಪ್ಯಾಡ್, ಅಂದರೆ ಹಿನ್ನೆಲೆಯಲ್ಲಿ ಉದ್ದಕ್ಕೆ ಹಿಡಿದ ಸ್ವರಗಳು.

ನನ್ನದೇ ಒಂದು ಉದಾಹರಣೆ ಕೊಡುತ್ತೇನೆ. 2003ರ ಒಂದು ಟ್ರಾನ್ಸ್ ಟ್ರ್ಯಾಕ್, 138 ಬಿಪಿಎಂ (ನಿಮಿಷಕ್ಕೆ 138 ಬೀಟ್). ಅದರ ಪ್ಯಾಡನ್ನು ಮಾತ್ರ ಬೇರೆ ಫೈಲಾಗಿ ಬೌನ್ಸ್ ಮಾಡಿಟ್ಟಿದ್ದೆ. ಎ ಮೈನರಿನ ಮೇಲೆ ಒಂಬತ್ತನೇ ಸ್ವರ ಸೇರಿದ ಸಾದಾ ಕಾರ್ಡ್. ಕಿಕ್ ಹೊಡೆದಾಗಲೆಲ್ಲ ಪ್ಯಾಡ್ ತಗ್ಗುವಂತೆ ಕಂಪ್ರೆಸರ್ ಕಟ್ಟಿದ್ದೆ, ಅದು ಆಗಿನ ರೂಢಿ. ಈಗ ಕೇಳಿದರೆ ಕಿಕ್ ಇಲ್ಲ, ಆದರೆ ಪ್ಯಾಡ್ ಇನ್ನೂ ಆ ಇಲ್ಲದ ಕಿಕ್‌ಗೆ ತಗ್ಗಿ ಏಳುತ್ತಿದೆ. ಅದನ್ನು ನಾಲ್ಕು ಪಟ್ಟು ನಿಧಾನ ಮಾಡಿದೆ. ನಿಮಿಷಕ್ಕೆ 138 ಸಲ ತಗ್ಗುತ್ತಿದ್ದದ್ದು ಸುಮಾರು 34 ಸಲಕ್ಕೆ ಬಂತು. ಎರಡು ಸೆಕೆಂಡಿಗೂ ಸ್ವಲ್ಪ ಕಡಿಮೆ ಅಂತರದಲ್ಲಿ ಇಡೀ ಕಾರ್ಡ್ ಮೆಲ್ಲಗೆ ಉಸಿರಾಡುತ್ತದೆ. ಈ ಚಲನೆಯನ್ನು ಹೊಸದಾಗಿ ಎಲ್‌ಎಫ್‌ಒ (ಸದ್ದನ್ನು ನಿಧಾನವಾಗಿ ಏರಿಳಿಸುವ ಸಾಧನ) ಹಾಕಿ ಮಾಡಬಹುದಿತ್ತು, ನಿಜ. ಆದರೆ ಇದರಲ್ಲಿ ಆ ಕಾಲದ ಕುಣಿತದ ಗುರುತು ಉಳಿದಿದೆ. ನಿಮ್ಮ ಹಳೆಯ ಫೈಲುಗಳಲ್ಲಿ ಇಂಥ ಗುರುತುಗಳನ್ನು ಹುಡುಕಿ. ಮಿಕ್ಸ್ ಆದ ಸ್ಟೀರಿಯೋ ಫೈಲ್‌ಗಿಂತ ಬಿಡಿ ಬಿಡಿಯಾಗಿ ಉಳಿಸಿದ ಫೈಲುಗಳು ಇದ್ದರೆ ಕೆಲಸ ಸುಲಭ.

ಸರಕು ಕ್ಯಾಸೆಟ್ಟಿನಲ್ಲಿದ್ದರೆ ಸ್ವಲ್ಪ ಜೋಪಾನ ಬೇಕು. ಪ್ಲೇ ಒತ್ತುವ ಮೊದಲು ಡೆಕ್ಕಿನ ಹೆಡ್ ಮತ್ತು ರಬ್ಬರ್ ರೋಲರ್ ಒರೆಸಿ. ಹೆಡ್ಡಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಹತ್ತಿಕಡ್ಡಿ ಸಾಕು. ಕ್ಯಾಸೆಟ್ಟನ್ನು ಒಮ್ಮೆ ಪೂರ್ತಿ ಮುಂದಕ್ಕೆ, ಪೂರ್ತಿ ಹಿಂದಕ್ಕೆ ಸುತ್ತಿ, ಅಂಟಿಕೊಂಡಿದ್ದರೆ ಬಿಡಿಸಿಕೊಳ್ಳುತ್ತದೆ. ಸದ್ದು ಮಂಕಾಗಿದ್ದರೆ ಹೆಡ್ಡಿನ ಪಕ್ಕದಲ್ಲಿರುವ ಸಣ್ಣ ಸ್ಕ್ರೂ ನೋಡಿ. ಎರಡೂ ಚಾನೆಲ್ ಕೂಡಿಸಿ ಮೋನೋದಲ್ಲಿ ಕೇಳುತ್ತ ಅದನ್ನು ಕೂದಲೆಳೆಯಷ್ಟು ತಿರುಗಿಸಿ. ಒಂದು ಜಾಗದಲ್ಲಿ ಮೇಲಿನ ಸದ್ದೆಲ್ಲ ತಟ್ಟನೆ ತೆರೆದುಕೊಳ್ಳುತ್ತದೆ. ಅಲ್ಲಿಗೆ ನಿಲ್ಲಿಸಿ.

ಇನ್ನೊಂದು ಮುಖ್ಯ ವಿಷಯ. ಹಳೆಯ ಟೇಪನ್ನು ಮೊದಲ ಸಲ ನುಡಿಸುವಾಗಲೇ ಕಂಪ್ಯೂಟರಿನಲ್ಲಿ ರೆಕಾರ್ಡ್ ಒತ್ತಿರಲಿ. ಸುಮ್ನೆ ಒಮ್ಮೆ ಕೇಳಿ ನೋಡೋಣ ಅನ್ನಬೇಡಿ. ನ್ಯೂಯಾರ್ಕಿನ ವಿಲಿಯಂ ಬಸಿನ್‌ಸ್ಕಿ ತಮ್ಮ 1982ರ ಕಾಲದ ಟೇಪ್ ಲೂಪುಗಳನ್ನು 2001ರಲ್ಲಿ ಡಿಜಿಟಲ್‌ಗೆ ಇಳಿಸಲು ಕೂತಾಗ, ಟೇಪಿನ ಮೇಲಿನ ಆಕ್ಸೈಡ್ ಪುಡಿಯಾಗಿ ಉದುರತೊಡಗಿತು. ಪ್ರತಿ ಸುತ್ತಿಗೂ ಸ್ವಲ್ಪ ಸಂಗೀತ ಕಳಚಿಕೊಳ್ಳುತ್ತಿತ್ತು. ರೆಕಾರ್ಡಿಂಗ್ ನಡೆಯುತ್ತಲೇ ಇದ್ದದ್ದರಿಂದ ಆ ಕಳಚುವಿಕೆಯೇ ಒಂದು ದೊಡ್ಡ ಕೃತಿಯಾಗಿ ಉಳಿಯಿತು. ನಿಮ್ಮ ಟೇಪಿಗೂ ಒಂದೇ ಅವಕಾಶ ಇರಬಹುದು. 24 ಬಿಟ್, ಸಾಧ್ಯವಿದ್ದರೆ 96 ಕಿಲೋಹರ್ಟ್ಸ್‌ನಲ್ಲಿ ರೆಕಾರ್ಡ್ ಮಾಡಿ.

ನಿಧಾನ ಮಾಡುವುದು

ಇದಕ್ಕೆ ಎರಡು ದಾರಿ ಇವೆ, ಎರಡರ ಫಲವೂ ಬೇರೆ.

ಮೊದಲನೆಯದು ಟೇಪಿನ ದಾರಿ. ವೇಗ ಅರ್ಧ ಮಾಡಿದರೆ ಸ್ವರ ಒಂದು ಸ್ಥಾಯಿ ಕೆಳಗಿಳಿಯುತ್ತದೆ, ಕಾಲು ಮಾಡಿದರೆ ಎರಡು ಸ್ಥಾಯಿ. ಸ್ಯಾಂಪ್ಲರಿನಲ್ಲಿ ಎರಡು ಸ್ಥಾಯಿ ಕೆಳಗಿನ ಕೀ ಒತ್ತಿದರೂ ಇದೇ ಆಗುತ್ತದೆ. ಎರಡನೆಯದು ಶ್ರುತಿ ಬದಲಾಗದಂತೆ ಹಿಗ್ಗಿಸುವುದು. ಪಾಲ್‌ಸ್ಟ್ರೆಚ್ ಅನ್ನುವ ಉಪಾಯ ಇದಕ್ಕೆ ಹೆಸರುವಾಸಿ, ಉಚಿತವಾಗಿ ಸಿಗುವ ಆಡಾಸಿಟಿಯಲ್ಲೇ ಅದು ಇದೆ. ಎಂಟು ಪಟ್ಟು, ಐವತ್ತು ಪಟ್ಟು ಹಿಗ್ಗಿಸಿದರೂ ಮುರಿಯುವುದಿಲ್ಲ. ಆದರೆ ಏನು ಹಾಕಿದರೂ ಒಂದೇ ಥರದ ಮಂಜಾಗಿ ಹೊರಬರುತ್ತದೆ. ಹಾಡಾಗಲಿ, ಬಸ್ಸಿನ ಹಾರ್ನ್ ಆಗಲಿ, ಕೊನೆಗೆ ಸಿಗುವುದು ಅದೇ ಮಂಜು. ಹಾಗಾಗಿ ನಾನು ಅದನ್ನು ಹಿನ್ನೆಲೆಯ ಒಂದು ಪದರಕ್ಕೆ ಮಾತ್ರ ಬಳಸುತ್ತೇನೆ. ಮುಖ್ಯ ದನಿಗೆ ಯಾವಾಗಲೂ ಟೇಪಿನ ದಾರಿಯೇ.

ಕಾರಣ ಇದೆ. ಸಿಡಿ ಗುಣಮಟ್ಟದ ಫೈಲಿನಲ್ಲಿ ಸುಮಾರು 22 ಕಿಲೋಹರ್ಟ್ಸ್‌ವರೆಗೆ ಸದ್ದು ಇರುತ್ತದೆ. ಅದನ್ನು ಕಾಲು ವೇಗಕ್ಕೆ ತಂದರೆ ಆ ಮೇಲ್ಮಿತಿ 5.5 ಕಿಲೋಹರ್ಟ್ಸ್‌ಗೆ ಇಳಿಯುತ್ತದೆ. ಅದಕ್ಕಿಂತ ಮೇಲೆ ಏನೂ ಉಳಿಯುವುದಿಲ್ಲ. ನಮ್ಮ ಮನೆಗಳಲ್ಲಿ ಮೀಡಿಯಂ ವೇವ್ ರೇಡಿಯೋದಲ್ಲಿ ಕೇಳಿದ ಸದ್ದಿನ ಮೇಲ್ಮಿತಿಯೂ ಹೆಚ್ಚುಕಡಿಮೆ ಅಷ್ಟೇ, ಸುಮಾರು 5 ಕಿಲೋಹರ್ಟ್ಸ್. ಫಿಲ್ಟರ್ ಹಾಕದೆ ಇದ್ದರೂ ನಿಧಾನಗೊಂಡ ಚೂರು ಹಳೆಯ ಕಾಲದ್ದು ಅನ್ನಿಸುವುದು ಇದರಿಂದಲೇ. ಕಿವಿ ಆ ಕೊರತೆಯನ್ನು ಗುರುತು ಹಿಡಿಯುತ್ತದೆ. ಆಮೇಲೆ ಎಕ್ಸೈಟರ್ ಹಾಕಿ, ಹೈ ಏರಿಸಿ ಅದನ್ನು ಹೊಳಪಿಸಲು ಹೋಗಬೇಡಿ. ಇದು ಡಾನ್ಸ್ ಮಿಕ್ಸ್ ಮಾಡಿದ ಕೈಯ ಅಭ್ಯಾಸ, ತಡೆಯಲೇಬೇಕು. ಇನ್ನೊಂದು ಪದರದಲ್ಲಿ, ನಿಧಾನ ಮಾಡದ ಬೇರೆ ಯಾವುದೋ ಸದ್ದಿನಿಂದ ಮೇಲಿನ ಭಾಗ ಬರಲಿ.

ಕ್ಯಾಸೆಟ್ ಲೂಪ್ ಮಾಡಿ ನೋಡುವ ಆಸೆ ಇದ್ದರೆ ಅದನ್ನೂ ಹೇಳಿಬಿಡುತ್ತೇನೆ. ಅಂಟಿಸಿದ ಕ್ಯಾಸೆಟ್ ಬೇಡ, ಮೂಲೆಗಳಲ್ಲಿ ಸ್ಕ್ರೂ ಇರುವ ಕ್ಯಾಸೆಟ್ ಬೇಕು. ಬಿಚ್ಚಿ, ಒಳಗಿನ ಟೇಪ್ ತೆಗೆಯಿರಿ. ಗಾಲಿಗಳನ್ನೂ ಮುಂದಿನ ಸಣ್ಣ ರೋಲರುಗಳನ್ನೂ ಸುತ್ತಿ ಬರುವಷ್ಟು ಟೇಪ್ ಕತ್ತರಿಸಿ, ಸುಮಾರು 24 ಸೆಂಟಿಮೀಟರ್ ಆಗುತ್ತದೆ. ತುದಿಗಳನ್ನು ಓರೆಯಾಗಿ ಕತ್ತರಿಸಿ, ಹೊಳೆಯುವ ಹಿಂಬದಿಗೆ ಸ್ಪ್ಲೈಸಿಂಗ್ ಟೇಪ್ ಹಾಕಿ ಕೂಡಿಸಿ. ಸಾಮಾನ್ಯ ಸೆಲ್ಲೋ ಟೇಪ್ ಬೇಡ, ಅದರ ಅಂಟು ಒಸರಿ ಹೆಡ್ಡಿಗೆ ಮೆತ್ತಿಕೊಳ್ಳುತ್ತದೆ. ಕ್ಯಾಸೆಟ್ ಟೇಪ್ ಸೆಕೆಂಡಿಗೆ 4.76 ಸೆಂಟಿಮೀಟರ್ ಓಡುತ್ತದೆ, ಹಾಗಾಗಿ ಸುಮಾರು 5 ಸೆಕೆಂಡಿನ ಲೂಪ್ ಸಿಗುತ್ತದೆ. ಬಿಗಿಯಾಗಿದ್ದರೆ ಮೋಟರ್ ಎಳೆಯಲಾರದು, ಸಡಿಲವಾಗಿದ್ದರೆ ಟೇಪ್ ಮಡಚಿಕೊಳ್ಳುತ್ತದೆ. ಎರಡರ ನಡುವೆ ಎಲ್ಲೋ ಒಂದು ಕಡೆ, ಸ್ವರ ಸ್ವಲ್ಪ ತೇಲುತ್ತ ಓಡುತ್ತದೆ. ಆ ತೇಲಾಟ ಯಾವ ಪ್ಲಗಿನ್ನಿನಲ್ಲೂ ನನಗೆ ಸಿಕ್ಕಿಲ್ಲ. ಪ್ಲಗಿನ್ನಿನದ್ದು ಗಡಿಯಾರ ಇಟ್ಟಂತೆ ಮತ್ತೆ ಮತ್ತೆ ಬರುತ್ತದೆ, ಟೇಪಿನದ್ದು ಹಾಗಲ್ಲ.

ಒಂದಕ್ಕೊಂದು ಹೊಂದದ ಲೂಪುಗಳು

ಡಾನ್ಸ್ ಸಂಗೀತದಲ್ಲಿ ಎಲ್ಲವೂ 4, 8, 16 ಬಾರ್ (ಒಂದು ಬಾರ್ ಅಂದರೆ ನಾಲ್ಕು ಬೀಟ್). 120 ಬಿಪಿಎಂನಲ್ಲಿ 16 ಬಾರ್ ಅಂದರೆ ಸರಿಯಾಗಿ 32 ಸೆಕೆಂಡ್. ಎಲ್ಲ ಪದರಗಳೂ ಅಲ್ಲಿಗೆ ಬಂದು ಒಟ್ಟಿಗೆ ಕಾಲೂರುತ್ತವೆ. ಆಂಬಿಯೆಂಟಿನಲ್ಲಿ ಮೊದಲು ಮುರಿಯಬೇಕಾದದ್ದು ಇದನ್ನೇ. ಸಾಫ್ಟ್‌ವೇರಿನಲ್ಲಿ ಗ್ರಿಡ್ (ತಾಳದ ಗೆರೆಗಳು) ಆಫ್ ಮಾಡಿ. ಸ್ನ್ಯಾಪ್ (ಗೆರೆಗೆ ಅಂಟಿಕೊಳ್ಳುವುದು) ಆಫ್ ಮಾಡಿ. ಮೇಲಿನ ಪಟ್ಟಿಯಲ್ಲಿ ಬಾರ್ ಬದಲು ಸೆಕೆಂಡ್ ತೋರಿಸುವಂತೆ ಮಾಡಿ.

ಇಂಗ್ಲೆಂಡಿನ ಸಂಗೀತಗಾರ ಬ್ರಯನ್ ಈನೋ 1978ರಲ್ಲಿ ವಿಮಾನ ನಿಲ್ದಾಣಗಳಿಗಾಗಿ ಮಾಡಿದ ಆಲ್ಬಮ್ಮಿನಲ್ಲಿ ಬರೀ ಹಾಡುವ ದನಿಗಳ ಒಂದು ಭಾಗ ಇದೆ. ಒಂದೊಂದು ಟೇಪ್ ಲೂಪಿನಲ್ಲಿ ಒಂದೇ ಒಂದು ಉದ್ದ ಸ್ವರ, ಉಳಿದದ್ದು ಮೌನ. ಒಂದು ಲೂಪ್ 23.5 ಸೆಕೆಂಡಿಗೆ ತಿರುಗಿ ಬರುತ್ತದೆ, ಇನ್ನೊಂದು ಸುಮಾರು 25.9, ಮತ್ತೊಂದು ಸುಮಾರು 29.9. ಟೇಪ್ ಅಷ್ಟು ಉದ್ದ ಇದ್ದದ್ದರಿಂದ ಸ್ಟುಡಿಯೋದ ಅಲ್ಯುಮಿನಿಯಂ ಕುರ್ಚಿಗಳ ಕಾಲಿಗೆ ಸುತ್ತಿ ಓಡಿಸಿದ್ದರು. ಅವು ಯಾವಾಗ ಭೇಟಿಯಾಗುತ್ತವೆ, ಯಾವಾಗ ದೂರವಾಗುತ್ತವೆ ಅನ್ನುವುದನ್ನು ಯಾರೂ ಬರೆದಿಟ್ಟಿಲ್ಲ. ಲೂಪುಗಳೇ ಕೂಡಿಸಿಕೊಳ್ಳುತ್ತವೆ.

ನೀವು ಹೀಗೆ ಶುರು ಮಾಡಿ. ಮೂರು ಲೂಪ್: 17 ಸೆಕೆಂಡ್, 19 ಸೆಕೆಂಡ್, 23 ಸೆಕೆಂಡ್. ಮೂರೂ ಅವಿಭಾಜ್ಯ ಸಂಖ್ಯೆಗಳು. ಮೂರೂ ಒಟ್ಟಿಗೆ ಶುರುವಾದರೆ ಮತ್ತೆ ಅದೇ ಸ್ಥಿತಿಗೆ ಬರಲು 7,429 ಸೆಕೆಂಡ್ ಬೇಕು, ಅಂದರೆ 2 ಗಂಟೆ 3 ನಿಮಿಷ 49 ಸೆಕೆಂಡ್. ಅಷ್ಟು ಹೊತ್ತು ಒಂದೇ ಸರಕು, ಆದರೆ ಒಮ್ಮೆಯೂ ಅದೇ ಜೋಡಣೆ ಇಲ್ಲ. 17 ಸೆಕೆಂಡಿನ ಲೂಪಿನಲ್ಲಿ ನಿಧಾನ ಮಾಡಿದ ಪ್ಯಾಡ್ ಇಡಿ, ಸದ್ದು ಒಂದು 9 ಸೆಕೆಂಡ್, ಉಳಿದದ್ದು ಖಾಲಿ. 19ರಲ್ಲಿ ಎರಡೇ ಸ್ವರ. 23ರಲ್ಲಿ ಒಂದು ದನಿ ಅಥವಾ ಒಂದು ತಂತಿ. ಖಾಲಿ ಜಾಗ ಕಂಡ ಕೂಡಲೇ ಏನಾದರೂ ತುಂಬಬೇಕು ಅನ್ನಿಸುತ್ತದೆ. ತುಂಬಬೇಡಿ, ಖಾಲಿ ಜಾಗದಲ್ಲಿ ಉಳಿದೆರಡು ಲೂಪುಗಳು ಕೇಳಿಸಬೇಕು.

ಚೂರಿನ ಎರಡೂ ತುದಿಗೆ ಒಂದೆರಡು ಸೆಕೆಂಡ್ ಫೇಡ್ ಹಾಕಿ, ಟಿಕ್ ಅನ್ನುವ ಸದ್ದು ಬರಬಾರದು. ನಾಲ್ಕನೇ ಲೂಪ್ ಬೇಕೇ ಬೇಕು ಅನ್ನಿಸಿದರೆ ಮೊದಲ ಮೂರನ್ನು ಕಾಲು ಗಂಟೆ ಕೇಳಿ ಆಮೇಲೆ ನಿರ್ಧರಿಸಿ.

ಶ್ರುತಿ

ಈ ವಿಷಯದಲ್ಲಿ ನಮಗೆ ಮನೆಯಲ್ಲೇ ಪಾಠ ಇದೆ. ಅಮೆರಿಕದ ಟೆರ್ರಿ ರೈಲಿ, ಲಾ ಮಾಂಟ್ ಯಂಗ್ ಅಂಥವರು ಆಂಬಿಯೆಂಟಿಗೆ ನೆಲ ಹದ ಮಾಡಿದವರು. ಅವರಿಬ್ಬರೂ ಕಿರಾನಾ ಘರಾಣೆಯ ಪಂಡಿತ್ ಪ್ರಾಣನಾಥರ ಶಿಷ್ಯರಾಗಿ ಕೂತು ತಂಬೂರಿ ಮೀಟಿದವರು. ಅದೇ ಕಿರಾನಾ ಘರಾಣೆ ನಮ್ಮ ಕುಂದಗೋಳದ ಸವಾಯಿ ಗಂಧರ್ವರದ್ದು, ಗಂಗೂಬಾಯಿ ಹಾನಗಲ್ಲರದ್ದು, ಭೀಮಸೇನ ಜೋಶಿಯವರದ್ದು. ಒಂದೊಂದೇ ಸ್ವರವನ್ನು ಹಿಡಿದು ನಿಲ್ಲಿಸಿ ನಿಧಾನವಾಗಿ ಬೆಳೆಸುವ ಆಲಾಪ ಅವರ ಹಾದಿ. ಸಿಂತ್ ಮುಂದೆ ಕೂರುವ ಮೊದಲು ಒಂದು ವಿಲಂಬಿತ ಖಯಾಲನ್ನು ಪೂರ್ತಿ ಕೇಳಿ. ಮುಂದಿನ ಸ್ವರಕ್ಕೆ ಹೋಗಲು ಅವರು ಎಷ್ಟು ಹೊತ್ತು ತೆಗೆದುಕೊಳ್ಳುತ್ತಾರೆ ಅನ್ನುವುದನ್ನು ಗಮನಿಸಿ.

ತಂಬೂರಿಯಿಂದ ಕಲಿಯಬೇಕಾದದ್ದು ಎರಡು. ಒಂದು, ನಿಂತ ಸ್ವರವೂ ಒಳಗೆ ಚಲಿಸುತ್ತಿರುತ್ತದೆ. ತಂತಿ ಕೂರುವ ಕುದುರೆಯ (ಸೇತುವೆಯ) ಮೇಲೆ ತಂತಿಯ ಕೆಳಗಿಡುವ ನೂಲು ಆ ಝೇಂಕಾರ ಹುಟ್ಟಿಸುತ್ತದೆ, ಮೀಟಿದ ತಂತಿ ಆರುತ್ತ ಹೋದಂತೆ ಅದರ ಮೇಲಿನ ಸ್ವರಾಂಶಗಳು ಒಂದೊಂದಾಗಿ ಮೇಲೆದ್ದು ಇಳಿಯುತ್ತವೆ. ಸಿಂತಿನಲ್ಲಿ ಇದನ್ನು ತರಲು ಪ್ಯಾಡಿನ ಫಿಲ್ಟರನ್ನು ತುಸು ರೆಸೊನೆನ್ಸ್ ಕೊಟ್ಟು ತುಂಬ ನಿಧಾನವಾಗಿ ಮೇಲಿನಿಂದ ಕೆಳಕ್ಕೆ ಇಳಿಸಿ, ಒಂದು ಇಳಿತಕ್ಕೆ 8ರಿಂದ 12 ಸೆಕೆಂಡ್.

ಎರಡನೆಯದು ಅಲೆ. 220 ಹರ್ಟ್ಸ್‌ನ ಒಂದು ಸ್ವರ, 220.5 ಹರ್ಟ್ಸ್‌ನ ಇನ್ನೊಂದು ಸ್ವರ ಒಟ್ಟಿಗೆ ನುಡಿದರೆ ಎರಡು ಸೆಕೆಂಡಿಗೊಮ್ಮೆ ಸದ್ದು ಏರಿ ಇಳಿಯುತ್ತದೆ. ಈ ಅಲೆ ಎಲ್ಲಿ ಬೇಕು, ಎಲ್ಲಿ ಬೇಡ ಅನ್ನುವುದನ್ನು ನೀವು ಆರಿಸಬೇಕು. ಕೀಬೋರ್ಡಿನ ಪಂಚಮ ನಿಜವಾದ ಪಂಚಮಕ್ಕಿಂತ ಸ್ವಲ್ಪ ಕಡಿಮೆ. ಷಡ್ಜ 132 ಹರ್ಟ್ಸ್ ಆದರೆ ಶುದ್ಧ ಪಂಚಮ 198, ಕೀಬೋರ್ಡಿನದ್ದು ಸುಮಾರು 197.8. ವ್ಯತ್ಯಾಸ ಇಷ್ಟೇ ಅಲ್ವಾ ಅನ್ನಬೇಡಿ. ಉದ್ದ ಹಿಡಿದ ಸ್ವರದಲ್ಲಿ ಷಡ್ಜದ ಮತ್ತು ಕೀಬೋರ್ಡಿನ ಪಂಚಮದ ಸ್ವರಾಂಶಗಳು ಡಿಕ್ಕಿ ಹೊಡೆದು ಸುಮಾರು ಎರಡು ಸೆಕೆಂಡಿಗೊಂದು ಅಲೆ ಕೇಳಿಸುತ್ತದೆ. ಡಾನ್ಸ್ ಟ್ರ್ಯಾಕಿನಲ್ಲಿ ಇದು ಯಾರಿಗೂ ಗೊತ್ತಾಗುವುದಿಲ್ಲ, ಅಷ್ಟು ಹೊತ್ತು ಅಲ್ಲಿ ಯಾವ ಸ್ವರವೂ ನಿಲ್ಲುವುದಿಲ್ಲ. ನಾನು ಪಂಚಮವನ್ನು 2 ಸೆಂಟ್ (ಒಂದು ಸೆಂಟ್ ಅಂದರೆ ಅರ್ಧಸ್ವರದ ನೂರನೇ ಒಂದು ಭಾಗ) ಏರಿಸಿ ಶುದ್ಧ ಮಾಡಿಬಿಡುತ್ತೇನೆ, ಅಲೆಯನ್ನು ಷಡ್ಜದ ಎರಡು ಪ್ರತಿಗಳ ನಡುವೆ ಮಾತ್ರ ಇಡುತ್ತೇನೆ. ಆಗ ಅಡಿಪಾಯ ಗಟ್ಟಿ ನಿಂತು ಮೇಲ್ಮೈ ಮಾತ್ರ ಅಲುಗಾಡುತ್ತದೆ.

ಬೆಂಗಳೂರಿನ ರಾಡೆಲ್ ಕಂಪನಿಯ ಎಲೆಕ್ಟ್ರಾನಿಕ್ ತಂಬೂರಿ ಎಷ್ಟೋ ಸಂಗೀತಗಾರರ ಮನೆಗಳಲ್ಲಿದೆ. ನಿಮ್ಮ ಮನೆಯಲ್ಲೂ ಹಳೆಯದೊಂದು ಇದ್ದರೆ ಅದರ ಸ್ಪೀಕರಿಗೇ ಮೈಕ್ ಹಿಡಿದು ರೆಕಾರ್ಡ್ ಮಾಡಿ, ಅರ್ಧ ವೇಗಕ್ಕೆ ಇಳಿಸಿ. ತುಂಬ ಒಳ್ಳೆಯ ನೆಲ ಸಿಗುತ್ತದೆ.

ಕೋಣೆ

ರಿವರ್ಬ್, ಅಂದರೆ ಕೋಣೆಯೊಳಗೆ ಸದ್ದು ಹರಡಿ ಉಳಿಯುವ ಗುಂಗಿನ ಬಗ್ಗೆ ನನ್ನ ಅಭಿಪ್ರಾಯ ಗಟ್ಟಿಯಾಗಿದೆ: ಒಂದು ಕೃತಿಗೆ ಒಂದೇ ಕೋಣೆ. ಪ್ರತಿ ಚಾನೆಲ್ಲಿಗೂ ಬೇರೆ ಬೇರೆ ರಿವರ್ಬ್ ಹಾಕಿದರೆ ಕೇಳುವವರು ಎಲ್ಲೂ ಇರುವುದಿಲ್ಲ. ಒಂದು ಸೆಂಡ್ (ಎಲ್ಲ ಚಾನೆಲ್ ಹಂಚಿಕೊಳ್ಳುವ ಎಫೆಕ್ಟ್ ದಾರಿ) ಮಾಡಿ, ಎಲ್ಲವನ್ನೂ ಅಲ್ಲಿಗೆ ಕಳಿಸಿ. ಆ ಸೆಂಡಿನಲ್ಲಿ ರಿವರ್ಬಿಗೂ ಮೊದಲು ಈಕ್ಯೂ (ಸದ್ದಿನ ಕೆಳಗಿನ, ಮೇಲಿನ ಭಾಗ ಹೊಂದಿಸುವ ಸಾಧನ) ಇರಲಿ. 200 ಹರ್ಟ್ಸ್ ಕೆಳಗೆ ಕತ್ತರಿಸಿ, 5 ಕಿಲೋಹರ್ಟ್ಸ್ ಮೇಲೆ ಕತ್ತರಿಸಿ. ಕೆಳಗಿನದು ಬಿಟ್ಟರೆ ಹತ್ತು ಸೆಕೆಂಡಿನ ಬಾಲದಲ್ಲಿ ಎಲ್ಲ ಕೆಸರಾಗುತ್ತದೆ. ಕ್ಲಬ್ಬಿನ ಸಬ್ ಸ್ಪೀಕರಿಗೆ ಮಿಕ್ಸ್ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ದುಡ್ಡು ಹಾಕುವುದು ಬೇಡ ಅಂದರೆ ವಲ್‌ಹಾಲಾ ಸೂಪರ್‌ಮ್ಯಾಸಿವ್ ಉಚಿತವಾಗಿದೆ, ಉದ್ದ ಬಾಲಕ್ಕೆ ಚೆನ್ನಾಗಿದೆ.

ಆದರೆ ನೆನಪಿನ ಕೆಲಸಕ್ಕೆ ನಿಮ್ಮದೇ ಕೋಣೆ ತರುವುದು ಉತ್ತಮ. ಖಾಲಿ ಇರುವ ಹಳೆಯ ಮನೆ, ಓದಿದ ಶಾಲೆಯ ಕಾರಿಡಾರ್, ಮದುವೆ ಇಲ್ಲದ ದಿನದ ಕಲ್ಯಾಣ ಮಂಟಪ. ಒಂದು ಮೂಲೆಯಲ್ಲಿ ರೆಕಾರ್ಡರ್ ಇಡಿ, ಇನ್ನೊಂದು ಮೂಲೆಯಲ್ಲಿ ಬಲೂನ್ ಒಡೆಯಿರಿ. ಸದ್ದು ಪೂರ್ತಿ ಆರುವವರೆಗೆ ಅಲುಗಾಡಬೇಡಿ. ಆ ಫೈಲಿನ ಮುಂದಿನ ಖಾಲಿ ಭಾಗ ಕತ್ತರಿಸಿ ಕನ್ವೊಲ್ಯೂಷನ್ ರಿವರ್ಬಿಗೆ (ನಿಜವಾದ ಜಾಗದ ಗುಂಗನ್ನು ಬೇರೆ ಸದ್ದಿಗೆ ಹಾಕುವ ಎಫೆಕ್ಟಿಗೆ) ಕೊಡಿ. ಸಂಗೀತ ಸಾಫ್ಟ್‌ವೇರುಗಳಾದ ರೀಪರಿನಲ್ಲಿ ರಿಯಾವರ್ಬ್, ಲಾಜಿಕ್‌ನಲ್ಲಿ ಸ್ಪೇಸ್ ಡಿಸೈನರ್ ಈ ಕೆಲಸ ಮಾಡುತ್ತವೆ. ಆಮೇಲೆ ನಿಮ್ಮ ಪ್ಯಾಡ್ ಆ ಮನೆಯೊಳಗೆ ನುಡಿಯುತ್ತದೆ. ಮನೆ ಕೆಡವುವ ಮಾತು ನಡೆಯುತ್ತಿದ್ದರೆ ಇದನ್ನು ಇವತ್ತೇ ಮಾಡಿ.

ದೊಡ್ಡ ಜಾಗವೆಲ್ಲ ಒಳ್ಳೆಯ ರಿವರ್ಬ್ ಕೊಡುತ್ತದೆ ಅಂತಲ್ಲ. ವಿಜಯಪುರದ ಗೋಲಗುಮ್ಮಟವನ್ನೇ ತೆಗೆದುಕೊಳ್ಳಿ. ಗುಮ್ಮಟದ ಒಳ ಅಗಲ ಸುಮಾರು 38 ಮೀಟರ್. ಸದ್ದು ಎದುರು ಗೋಡೆಗೆ ಹೋಗಿ ಬರಲು ಸೆಕೆಂಡಿನ ಐದನೇ ಒಂದು ಭಾಗಕ್ಕಿಂತ ಜಾಸ್ತಿ ಹೊತ್ತು ಬೇಕು. ಕಿವಿ ಅದನ್ನು ಬೇರೆ ಸದ್ದಾಗಿಯೇ ಕೇಳುತ್ತದೆ, ಹಾಗಾಗಿ ಚಪ್ಪಾಳೆ ಮತ್ತೆ ಮತ್ತೆ ಬಿಡಿಬಿಡಿಯಾಗಿ ತಿರುಗಿ ಬರುತ್ತದೆ. ಅದು ಡಿಲೇ, ಒಂಟಿ ಸ್ವರಗಳಿಗೆ ಚೆಂದ. ಪ್ಯಾಡ್ ಕರಗಿ ಹರಡಬೇಕಾದರೆ ಕಲ್ಲು ಅಥವಾ ಗಾರೆಯ ಸಣ್ಣ ಜಾಗವೇ ವಾಸಿ.

ಬಲೂನ್ ಕೆಲಸವೂ ಬೇಡ ಅನ್ನಿಸಿದರೆ ಸ್ಪೀಕರನ್ನು ಆ ಕೋಣೆಗೆ ಒಯ್ದು, ಟ್ರ್ಯಾಕ್ ನುಡಿಸಿ, ಬಾಗಿಲಾಚೆ ಮೈಕ್ ಇಟ್ಟು ರೆಕಾರ್ಡ್ ಮಾಡಿ.

ಸುತ್ತಲಿನ ಸದ್ದು

ಕುಕ್ಕರ್ ಸೀಟಿ, ಸೋಂಪಾಪ್ಡಿ ಗಂಟೆ, ರೈಲು, ಮಳೆ, ಕೊನೆಗೆ ಒಂದು ರೆಕಾರ್ಡ್ ಪ್ಲೇಯರಿನ ಚಟಪಟ. ಇವನ್ನೆಲ್ಲ ಒಂದೇ ಕಡೆ ಹಾಕಿದರೆ ಅದು ಜಾಹೀರಾತು ಆಗುತ್ತದೆ. ಕೇಳುವವರಿಗೆ ನೀವು ಏನನ್ನು ನೆನೆಯಬೇಕು ಅಂತ ಆಜ್ಞೆ ಮಾಡಿದ ಹಾಗೆ. ಒಂದೇ ಸದ್ದು ಆರಿಸಿ, ಅದನ್ನು ಹತ್ತು ನಿಮಿಷ ಇರಗೊಡಿ. ಮೈಕ್ ಕಿಟಕಿಯ ಹೊರಗಲ್ಲ, ಕಿಟಕಿಯ ಒಳಗಿಡಿ, ಗಾಜು ಅರ್ಧ ಮುಚ್ಚಿರಲಿ. ನಾವು ಊರಿನ ಸದ್ದನ್ನು ಕೇಳಿದ್ದು ಹೆಚ್ಚಾಗಿ ಹಾಗೆಯೇ. ಸುಯ್ ಸದ್ದು ಬೇಕಾದರೆ ನಿಮ್ಮ ಡೆಕ್ಕಿನಲ್ಲಿ ಖಾಲಿ ಕ್ಯಾಸೆಟ್ ಓಡಿಸಿ ರೆಕಾರ್ಡ್ ಮಾಡಿ, ಅದು ನಿಮ್ಮದೇ ಸುಯ್ ಸದ್ದು.

ನನ್ನ ಕಾಲದವರಿಗೆಲ್ಲ ಆಕಾಶವಾಣಿಯ ಬೆಳಗಿನ ಸಂಕೇತ ಸಂಗೀತ ಕಿವಿಯಲ್ಲಿ ಕೂತಿದೆ. 1930ರ ದಶಕದಲ್ಲಿ ಮುಂಬಯಿಯಲ್ಲಿ ನೆಲೆಸಿದ್ದ ವಾಲ್ಟರ್ ಕಾಫ್‌ಮನ್ ರಚಿಸಿದ್ದು: ತಂಬೂರಿಯ ಮೇಲೆ ಪಿಟೀಲು. ಅದರ ಸ್ಯಾಂಪಲ್ ಹಾಕುವ ಆಸೆ ಎಲ್ಲರಿಗೂ ಬರುತ್ತದೆ. ಹಾಕಬೇಡಿ. ಹಕ್ಕಿನ ತೊಡಕು ಒಂದು ಕಡೆ ಇರಲಿ, ಅದು ಬಂದ ಕೂಡಲೇ ನಿಮ್ಮ ಕೃತಿ ಮರೆತುಹೋಗುತ್ತದೆ. ಅದರಿಂದ ತೆಗೆದುಕೊಳ್ಳಬೇಕಾದದ್ದು ಸದ್ದಿನ ಆಕಾರ. ನಿಮ್ಮದೇ ಒಂದು ಒಂಟಿ ಸ್ವರದ ಸಾಲು ತೆಗೆದುಕೊಳ್ಳಿ. ಮೋನೋ ಮಾಡಿ. 150 ಹರ್ಟ್ಸ್ ಕೆಳಗೆ, 4.5 ಕಿಲೋಹರ್ಟ್ಸ್ ಮೇಲೆ ಕತ್ತರಿಸಿ. ಸ್ವಲ್ಪ ಸ್ಯಾಚುರೇಷನ್ (ಹಳೆಯ ಯಂತ್ರದಂಥ ಸಣ್ಣ ಒರಟುತನ) ಕೊಡಿ. ಈಗ ಅದನ್ನು ಆ ಒಂದೇ ಕೋಣೆಯ ಸೆಂಡಿಗೆ ಜಾಸ್ತಿ ಕಳಿಸಿ, ನೇರ ಸದ್ದನ್ನು ಕಡಿಮೆ ಮಾಡಿ. ಪಕ್ಕದ ಕೋಣೆಯಲ್ಲಿ ಯಾರೋ ರೇಡಿಯೋ ಹಚ್ಚಿದ್ದಾರೆ ಅನ್ನಿಸಬೇಕು, ಯಾವ ಹಾಡು ಅಂತ ಗೊತ್ತಾಗಬಾರದು.

ಸಲಕರಣೆ ಕಡಿಮೆ ಅನ್ನುವ ಚಿಂತೆ ಬೇಡ. ಜಪಾನಿನ ಹಿರೋಶಿ ಯೋಶಿಮುರಾ 1982ರ ತಮ್ಮ ಮೊದಲ ಆಲ್ಬಮನ್ನು ಮನೆಯಲ್ಲಿ ಒಂದು ಕೀಬೋರ್ಡ್ ಮತ್ತು ಒಂದು ಫೆಂಡರ್ ರೋಡ್ಸ್ (ಎಲೆಕ್ಟ್ರಿಕ್ ಪಿಯಾನೊ) ಇಟ್ಟುಕೊಂಡು ಮಾಡಿದರು. ಟೋಕಿಯೋದ ಹಾರಾ ಮ್ಯೂಸಿಯಮ್ಮಿನಲ್ಲಿ ಅದನ್ನು ನುಡಿಸಿದಾಗ ಬಂದವರೇ ಇದು ಎಲ್ಲಿ ಸಿಗುತ್ತದೆ ಅಂತ ಕೇಳತೊಡಗಿದರಂತೆ.

ಮಿಕ್ಸ್, ಮತ್ತು ಹೊರಗೆ ಬಿಡುವುದು

ವಾಲ್ಯೂಮ್ ಏರಿಳಿತಕ್ಕೆ ಕಂಪ್ಯೂಟರಿನಲ್ಲಿ ಆಟೊಮೇಷನ್ ಗೆರೆ ಎಳೆಯಬೇಡಿ. ಲೂಪುಗಳನ್ನು ಓಡಲು ಬಿಟ್ಟು, ಫೇಡರ್ ಮೇಲೆ ಕೈಯಿಟ್ಟು ಇಪ್ಪತ್ತು ನಿಮಿಷ ಒಂದೇ ಉಸಿರಿಗೆ ರೆಕಾರ್ಡ್ ಮಾಡಿ. ಒಂದು ಪದರ ಒಳಗೆ ಬರಲು ಅರ್ಧ ನಿಮಿಷವಾದರೂ ತೆಗೆದುಕೊಳ್ಳಲಿ. ಏರಿಸಬೇಕು ಅನ್ನಿಸಿದಾಗ ಒಮ್ಮೊಮ್ಮೆ ಬೇರೊಂದನ್ನು ಇಳಿಸಿ ನೋಡಿ. ಕ್ಲಬ್ಬಿಗೆ ಮಾಡುವಾಗ ನಾವು ಪ್ರತಿ ಎಂಟು ಬಾರ್ ಆದ ಮೇಲೆ ಏನಾದರೂ ತರುತ್ತಿದ್ದೆವು, ಇಲ್ಲದಿದ್ದರೆ ಜನ ಬಾರ್ ಕಡೆ ಹೋಗುತ್ತಿದ್ದರು. ಇಲ್ಲಿ ಕೇಳುವವರು ಎದ್ದು ಹೋಗಿ ಕಾಫಿ ಮಾಡಿಕೊಂಡು ಬಂದರೂ ಸಂಗೀತ ಅವರಿಗಾಗಿ ಅಲ್ಲೇ ಇರಬೇಕು.

ಡಾನ್ಸ್ ಟ್ರ್ಯಾಕಿನ ಮಾಸ್ಟರ್ (ಅಂತಿಮ ಪ್ರತಿ) ಜೋರಿನ ಅಳತೆಯಲ್ಲಿ ಮೈನಸ್ 8 ಲಫ್ಸ್‌ವರೆಗೂ ಹೋಗುತ್ತಿತ್ತು. ಇದನ್ನು ಮೈನಸ್ 18ರಿಂದ 20ರ ನಡುವೆ ಬಿಡಿ. ಲಿಮಿಟರ್ (ಸದ್ದಿನ ತುದಿಗಳನ್ನು ಒತ್ತುವ ಸಾಧನ) ಬೇಡ. ದೊಡ್ಡ ಸ್ಪೀಕರಿನಲ್ಲಿ ಜೋರಾಗಿ ಕೇಳಿ ತೀರ್ಮಾನಿಸುವುದೂ ಬೇಡ. 1975ರಲ್ಲಿ ಅಪಘಾತವಾಗಿ ಈನೋ ಹಾಸಿಗೆ ಹಿಡಿದಿದ್ದಾಗ ಗೆಳತಿಯೊಬ್ಬರು ಹಾರ್ಪ್ ಸಂಗೀತದ ರೆಕಾರ್ಡ್ ತಂದುಕೊಟ್ಟರು. ಹಚ್ಚಿ ಮಲಗಿದ ಮೇಲೆ ನೋಡಿದರೆ ವಾಲ್ಯೂಮ್ ತೀರಾ ಕಡಿಮೆ, ಸ್ಟೀರಿಯೋದ ಒಂದು ಕಡೆ ಸದ್ದೇ ಇಲ್ಲ. ಎದ್ದು ಸರಿಮಾಡುವ ಶಕ್ತಿ ಇರಲಿಲ್ಲ. ಹೊರಗಿನ ಮಳೆಯ ಜತೆ ಅದನ್ನು ಹಾಗೇ ಕೇಳಿದರು, ಅಲ್ಲಿಂದ ಅವರ ಕೆಲಸದ ದಿಕ್ಕೇ ಬದಲಾಯಿತು. ನಿಮ್ಮ ಮಿಕ್ಸನ್ನೂ ಹಾಗೆ ಪರೀಕ್ಷೆ ಮಾಡಿ. ಫ್ಯಾನ್ ಹಾಕಿ, ಕಿಟಕಿ ತೆರೆದು, ಅರ್ಧ ಕೇಳುವಷ್ಟು ವಾಲ್ಯೂಮ್ ಇಟ್ಟು ಬೇರೆ ಕೆಲಸ ಮಾಡಿಕೊಳ್ಳಿ. ಯಾವುದಾದರೂ ಒಂದು ಸದ್ದು ನಿಮ್ಮನ್ನು ಎಳೆದು ಕೂರಿಸಿದರೆ ಅದು ಜಾಸ್ತಿಯಾಗಿದೆ. 2 ಡೆಸಿಬೆಲ್ ಇಳಿಸಿ, ಮತ್ತೆ ಕೇಳಿ. ಏನೂ ಕೇಳಿಸದೆ ಬರೀ ಫ್ಯಾನ್ ಉಳಿದರೆ 300ರಿಂದ 800 ಹರ್ಟ್ಸ್ ನಡುವಿನ ಭಾಗ ಸ್ವಲ್ಪ ಏರಿಸಿ, ಕಡಿಮೆ ವಾಲ್ಯೂಮಿನಲ್ಲಿ ಬೇಸ್ ಸದ್ದಿಗಿಂತ ಅದು ಕಿವಿಗೆ ಚೆನ್ನಾಗಿ ತಲುಪುತ್ತದೆ.

ಹೊರಗೆ ಬಿಡುವ ಮೊದಲು ಒಂದು ಕೆಲಸ ಬಾಕಿ. ಹಳೆಯ ಟ್ರ್ಯಾಕಿನಿಂದ ತೆಗೆದ ಚೂರಿನಲ್ಲಿ ಬೇರೆ ಯಾರದೋ ದನಿ, ಬೇರೆ ಯಾರೋ ನುಡಿಸಿದ ತಂತಿ ಇರಬಹುದು. ಆಗ ಗೆಳೆತನದಲ್ಲಿ ಬಂದು ಹಾಡಿ ಹೋದವರು, ಕಾಗದಪತ್ರ ಏನೂ ಮಾಡಿರುವುದಿಲ್ಲ. ನಾಲ್ಕು ಪಟ್ಟು ನಿಧಾನವಾದ ಮೇಲೆ ಅದು ಅವರದ್ದು ಅಂತ ಯಾರಿಗೂ ಗೊತ್ತಾಗುವುದಿಲ್ಲ, ಆದರೂ ಅದು ಅವರದ್ದೇ. ನಂಬರ್ ಹುಡುಕಿ ಫೋನ್ ಮಾಡಿ. ಮೊದಲು ಹಳೆಯ ಟ್ರ್ಯಾಕ್ ಕಳಿಸಿ, ಆಮೇಲೆ ಹೊಸದನ್ನು. ಹೆಸರು ಹೇಗೆ ಹಾಕಲಿ, ಪಾಲು ಎಷ್ಟು ಅಂತ ಆಗಲೇ ಮಾತಾಡಿಕೊಂಡು, ಅವರು ಹೂಂ ಅಂದ ಮೇಲೆ ಅಪ್‌ಲೋಡ್ ಒತ್ತಿ.